ಗುಡ್ಡ ಹತ್ತದ ಸ್ಕೌಟ್



ಕಳೆದ ತಿಂಗಳು ಮಠದಲ್ಲಿ ಪ್ರಸಾದ ಮುಗಿಸಿ ಕೈತೊಳೆಯುತ್ತಿದ್ದಾಗ ತಾಯಿಯೊಬ್ಬರು ಹತ್ತಿರ ಬಂದು ಎರಡು ಪ್ರಶ್ನೆಗಳನ್ನು ಕೇಳಿದರು. “ಮೇಷ್ಟ್ರೇ, ಹುಡುಗನ್ನ ಸ್ಕೌಟಿಗೆ ಸೇರಿಸಿದ್ರೆ ಮುಂದೆ ಸೀಟಿಗೆ ಅನುಕೂಲ ಆಗುತ್ತಂತೆ, ಹೌದಾ?” ಎಂಬುದು ಮೊದಲನೆಯದು. “ಗುಡ್ಡಗಿಡ್ಡ ಅಂತ ಎಲ್ಲೂ ಕರ್ಕೊಂಡು ಹೋಗಲ್ಲ ತಾನೇ?” ಎಂಬುದು ಎರಡನೆಯದು. ಮೊದಲನೆಯದಕ್ಕೆ ಹೌದೆಂದೆ. ನಮ್ಮ ರಾಜ್ಯದಲ್ಲಿ ವೃತ್ತಿಶಿಕ್ಷಣದ ಪ್ರವೇಶಕ್ಕೆ ಇರುವ ವಿಶೇಷ ವರ್ಗಗಳಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೂಡ ಒಂದೆಂಬುದು ನಿಜ. ಎರಡನೆಯ ಪ್ರಶ್ನೆಗೆ ಮಾತ್ರ ಆ ಕ್ಷಣಕ್ಕೆ ಉತ್ತರ ಹೊಳೆಯದೆ ಸುಮ್ಮನೆ ನಕ್ಕುಬಿಟ್ಟೆ. ಇಪ್ಪತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಸ್ಕೌಟ್ ಮಾಸ್ಟರನಾಗಿದ್ದು ನಿವೃತ್ತನಾದವನು ನಾನು. ಅಂಥವನು ಆ ಪ್ರಶ್ನೆಗೆ ನಕ್ಕು ಸುಮ್ಮನಾದದ್ದು ಸರಿಯಲ್ಲವೆಂದು ಅಂದಿನಿಂದಲೂ ಅನ್ನಿಸುತ್ತಿದೆ. ಆ ತಾಯಿಗೆ ಅಂದು ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರು ಈ ಪುಟವನ್ನು ಓದುವವರೆಂದು ಬಲ್ಲೆ.

ಇಂದು ನಮ್ಮ ಅನೇಕ ಶಾಲೆಗಳಲ್ಲಿ ಸ್ಕೌಟ್ ದಳವೆಂದರೆ ಆಗಸ್ಟ್ 15 ಮತ್ತು ಜನವರಿ 26ರಂದು ಇಸ್ತ್ರಿ ಮಾಡಿದ ಸಮವಸ್ತ್ರ ಧರಿಸಿ, ಕೊರಳಿಗೆ ಸ್ಕಾರ್ಫ್ ಕಟ್ಟಿ, ಅತಿಥಿಗಳಿಗೆ ವಂದನೆ ಸಲ್ಲಿಸುವ ಮಕ್ಕಳ ಸಾಲು ಎಂಬಂತಾಗಿದೆ. ಜಾತ್ರೆ, ಉತ್ಸವಗಳಲ್ಲಿ ಜನರನ್ನು ಸಾಲಾಗಿ ನಿಲ್ಲಿಸಲು ಅವರನ್ನು ಕರೆಯುತ್ತೇವೆ. ಇವೂ ಒಳ್ಳೆಯ ಕೆಲಸಗಳೇ. ಆದರೆ ಈ ಚಳವಳಿ ಹುಟ್ಟಿದ್ದು ಮೈದಾನದ ಮೆರವಣಿಗೆಯಲ್ಲಿ ಅಲ್ಲ. ಅದು ಹುಟ್ಟಿದ್ದು ಬಯಲಿನಲ್ಲಿ, ಡೇರೆಯ ಮುಂದೆ, ಸೌದೆಯ ಹೊಗೆಯಲ್ಲಿ.

1907ರ ಆಗಸ್ಟ್ 1ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರೊಡನೆ ಬೇಡನ್ ಪೊವೆಲ್ ಶಿಬಿರ ಹೂಡಿದರು. ಅವರು ಸೈನ್ಯಾಧಿಕಾರಿ. ದಕ್ಷಿಣ ಆಫ್ರಿಕದ ಮಾಫೆಕಿಂಗ್ ಪಟ್ಟಣವನ್ನು 1899–1900ರಲ್ಲಿ ಶತ್ರುಗಳು 217 ದಿನ ಮುತ್ತಿದ್ದಾಗ ಅಲ್ಲಿನ ಹುಡುಗರು ಸುದ್ದಿ ಮುಟ್ಟಿಸುವ ಕೆಲಸವನ್ನು ಎಷ್ಟು ಹೊಣೆಯಿಂದ ಮಾಡಿದರೆಂಬುದನ್ನು ಕಂಡಿದ್ದವರು. ಬ್ರೌನ್‌ಸೀ ಶಿಬಿರದಲ್ಲಿ ನನಗೆ ಬಹುಮುಖ್ಯವೆನಿಸುವುದು ಮಕ್ಕಳ ಆಯ್ಕೆ. ಸಿರಿವಂತರ ಮಕ್ಕಳು ಓದುವ ದೊಡ್ಡ ಶಾಲೆಗಳಿಂದ ಕೆಲವರು ಬಂದಿದ್ದರು. ಸುತ್ತಮುತ್ತಲ ಊರುಗಳ ದುಡಿಯುವ ಕುಟುಂಬಗಳಿಂದ ಉಳಿದವರು ಬಂದಿದ್ದರು. ಆ ಕಾಲದ ಇಂಗ್ಲೆಂಡಿನಲ್ಲಿ ಈ ಎರಡು ವರ್ಗದ ಮಕ್ಕಳು ಒಂದೇ ಡೇರೆಯಲ್ಲಿ ಮಲಗುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ. ತೋಳ, ಗೂಳಿ, ಕಾಗೆಯ ಜಾತಿಯ ರೇವನ್ ಮತ್ತು ಕರ್ಲ್ಯೂ ಎಂಬ ನೀರುಹಕ್ಕಿಯ ಹೆಸರುಗಳಲ್ಲಿ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೆ ಅವರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿ, ಎಲ್ಲರನ್ನೂ ಬೆರೆಸಿಬಿಟ್ಟರು. ಬೆಳಿಗ್ಗೆ ಎಬ್ಬಿಸಲು ಆಫ್ರಿಕದಿಂದ ತಂದಿದ್ದ ಕುಡು ಎಂಬ ಕಾಡುಪ್ರಾಣಿಯ ಕೊಂಬನ್ನು ಊದುತ್ತಿದ್ದರು. ಎಂಟು ದಿನಗಳ ಆ ಶಿಬಿರದ ಅನುಭವದ ಮೇಲೆ 1908ರಲ್ಲಿ ಅವರ ಪುಸ್ತಕ ಹೊರಬಂದಿತು. ಅದನ್ನು ಓದಿದ ಹುಡುಗರು ಯಾರ ಅಪ್ಪಣೆಗೂ ಕಾಯದೆ ತಾವೇ ದಳಗಳನ್ನು ಕಟ್ಟಿಕೊಂಡರು.

ಹೆಣ್ಣುಮಕ್ಕಳ ವಿಷಯವಂತೂ ಇನ್ನೂ ಸ್ವಾರಸ್ಯಕರ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟ್ ಹುಡುಗರ ಸಮಾವೇಶ ನಡೆದಾಗ, ಕರೆಯದಿದ್ದರೂ ಒಂದಷ್ಟು ಹುಡುಗಿಯರು ಸಮವಸ್ತ್ರದಲ್ಲಿ ಬಂದು “ನಾವೂ ಸ್ಕೌಟುಗಳೇ” ಎಂದು ನಿಂತರು. ಅದರ ಫಲವಾಗಿ ಮರುವರ್ಷ ಗೈಡ್ಸ್ ಸಂಸ್ಥೆ ಆರಂಭವಾಯಿತು. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಏಕಾಂಗಿಯಾಗಿ ನಡೆದ ಅಕ್ಕನನ್ನು ಆರಾಧಿಸುವ ನಾವು, ನಮ್ಮ ಮನೆಯ ಹುಡುಗಿ ಗೆಳತಿಯರೊಡನೆ ಹಗಲು ಹೊತ್ತಿನಲ್ಲಿ, ಶಿಕ್ಷಕಿಯರ ಜೊತೆಯಲ್ಲಿ ಆರು ಮೈಲಿ ನಡೆದು ಬರುತ್ತೇನೆಂದರೆ ಬೇಡವೆನ್ನುತ್ತೇವೆ. ಇದನ್ನು ಕುರಿತು ಹೆಚ್ಚು ಹೇಳುವುದಿಲ್ಲ, ಓದುವವರಿಗೆ ತಿಳಿಯುತ್ತದೆ.

ನಮ್ಮ ನಾಡಿಗೂ ಈ ಚಳವಳಿಗೂ ಹಳೆಯ ನಂಟಿದೆ. ಭಾರತದಲ್ಲಿ ಮೊದಲ ದಳ ಆರಂಭವಾದದ್ದು 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಆದರೆ ಅದು ಬಿಳಿಯರ ಮಕ್ಕಳಿಗಾಗಿ ಇದ್ದ ದಳ. ಭಾರತೀಯ ಮಕ್ಕಳಿಗೆ ಅಂದು ಪ್ರವೇಶವಿರಲಿಲ್ಲ. ಎಲ್ಲರೂ ಸೋದರರೆಂದು ಬೋಧಿಸುವ ಸಂಘಟನೆಯೊಂದು ನಮ್ಮ ನೆಲದಲ್ಲಿಯೇ ನಮ್ಮ ಮಕ್ಕಳನ್ನು ಬಾಗಿಲ ಹೊರಗೆ ನಿಲ್ಲಿಸಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆನಿಬೆಸೆಂಟ್ ಮತ್ತು ಅರುಂಡೇಲ್ ಮದರಾಸಿನಲ್ಲಿ, ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಮೊದಲಾದವರು ಅಲಹಾಬಾದಿನಲ್ಲಿ ನಮ್ಮ ಮಕ್ಕಳಿಗಾಗಿಯೇ ಬೇರೆ ದಳಗಳನ್ನು ಕಟ್ಟಿದರು. ಹೀಗೆ ಬೇರೆಬೇರೆಯಾಗಿದ್ದ ಸಂಘಗಳು ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಒಂದೇ ಹೆಸರಿನಡಿ ಸೇರಿದವು. ನಮ್ಮ ಭಾಗದಲ್ಲಿ ಕೊಂಡಜ್ಜಿ ಬಸಪ್ಪನವರ ಹೆಸರನ್ನು ನೆನೆಯದೆ ಸ್ಕೌಟ್ ಮಾತು ಮುಗಿಯುವುದಿಲ್ಲ. ಹರಿಹರ ಸೀಮೆಯ ಕೊಂಡಜ್ಜಿಯ ಕೆರೆ, ಅದರ ಬೆನ್ನಿಗಿರುವ ಗುಡ್ಡ, ಅಲ್ಲಿನ ಶಿಬಿರಸ್ಥಳ ಇವನ್ನು ಕಂಡವರಿಗೆ ಸ್ಕೌಟ್ ಶಿಕ್ಷಣಕ್ಕೆ ಗೋಡೆಗಿಂತ ಬಯಲು ಏಕೆ ಬೇಕೆಂಬುದನ್ನು ವಿವರಿಸುವ ಅಗತ್ಯವಿರದು.

ಇನ್ನು ಮೌಲ್ಯಗಳ ಮಾತು. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ನಿಯಮಗಳು ಒಂಬತ್ತು. ನಂಬಿಕೆಗೆ ಅರ್ಹನಾಗಿರುವುದರಿಂದ ಅವು ಆರಂಭವಾಗುತ್ತವೆ. ಎಲ್ಲರ ಸ್ನೇಹ, ವಿನಯ, ಪ್ರಾಣಿದಯೆ ಮತ್ತು ಪ್ರಕೃತಿಪ್ರೇಮ, ಶಿಸ್ತಿನೊಡನೆ ಸಾರ್ವಜನಿಕ ಆಸ್ತಿಯ ರಕ್ಷಣೆ, ಧೈರ್ಯ, ಮಿತವ್ಯಯ ಇವೆಲ್ಲ ನಡುವೆ ಬರುತ್ತವೆ. ಕೊನೆಯದು ಮನಸ್ಸು, ಮಾತು, ಕೃತಿ ಮೂರರಲ್ಲಿಯೂ ಶುದ್ಧವಾಗಿರುವುದು. ತ್ರಿಕರಣ ಶುದ್ಧಿಯೆಂಬ ಮಾತನ್ನು ಕೇಳುತ್ತಲೇ ಬೆಳೆದ ನಮ್ಮ ಮಕ್ಕಳಿಗೆ ಇದು ಹೊರಗಿನಿಂದ ಬಂದ ಮಾತಾಗಿ ತೋರುವುದಿಲ್ಲ. ಪ್ರತಿಜ್ಞೆಯಲ್ಲಿ ಬರುವ ದೇವರೆಂಬ ಶಬ್ದದ ಬದಲು, ಇಚ್ಛೆಯಿದ್ದವರು ಧರ್ಮ ಎನ್ನಬಹುದೆಂಬ ಅವಕಾಶವೂ ಉಂಟು. ಯಾವ ಮನೆಯ ಮಗುವೂ ಹಿಂಜರಿಯದಂತೆ ಮಾಡಿದ ಈ ಸಣ್ಣ ತಿದ್ದುಪಡಿ ನನಗೆ ಬಹಳ ಇಷ್ಟ.

ಆದರೆ ಒಂಬತ್ತು ನಿಯಮಗಳನ್ನು ಬಾಯಿಪಾಠ ಮಾಡಿಸುವುದು ಒಂದು ವಾರದ ಕೆಲಸ. ನನ್ನ ದಳದಲ್ಲಿ ಅವನ್ನು ತಡವರಿಸದೆ ಹೇಳುತ್ತಿದ್ದ ಹುಡುಗನೊಬ್ಬ, ಬೇರೊಬ್ಬನ ನೀರಿನ ಬಾಟಲಿಯನ್ನು ಕೇಳದೆ ಕುಡಿದು ಖಾಲಿಮಾಡಿದ್ದನ್ನು ಕಂಡಿದ್ದೇನೆ. ಮಿತವ್ಯಯವೆಂಬ ನಿಯಮ ತರಗತಿಯಲ್ಲಿ ಬರಿಯ ಶಬ್ದ. ಗುಡ್ಡದ ಅರ್ಧದಾರಿಯಲ್ಲಿ, ನೆತ್ತಿಯ ಮೇಲೆ ಬಿಸಿಲಿದ್ದು, ಬಾಟಲಿಯಲ್ಲಿ ನಾಲ್ಕು ಗುಟುಕು ಉಳಿದಿರುವಾಗ ಅದಕ್ಕೆ ಅರ್ಥ ಬರುತ್ತದೆ. ಆ ನಾಲ್ಕರಲ್ಲಿ ಎರಡನ್ನು ಪಕ್ಕದವನಿಗೆ ಕೊಡುವುದೋ ಬೇಡವೋ ಎಂಬ ಹೊಯ್ದಾಟ ಹುಡುಗನ ಮುಖದಲ್ಲಿ ಕಾಣುತ್ತದಲ್ಲ, ಅಲ್ಲಿ ಶಿಕ್ಷಣ ನಡೆಯುತ್ತಿರುತ್ತದೆ. ಆಗ ಮೇಷ್ಟ್ರು ಬಾಯಿ ಹಾಕಬಾರದು. ನಾನು ಬಹಳ ಸಲ ಹಾಕಿದ್ದೇನೆ, ಕೆಡಿಸಿದ್ದೇನೆ.

ಚಾರಣವೆಂದರೆ ಹೇಗಿರುತ್ತದೆ ಎಂಬುದನ್ನು ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಅದು ಪ್ರವಾಸವಲ್ಲ. ಬಸ್ಸಿನಲ್ಲಿ ಹಾಡು ಹಾಕಿಕೊಂಡು ಹೋಗಿ, ಫೋಟೋ ಹೊಡೆದುಕೊಂಡು ಬರುವುದಲ್ಲ. ದಳದೊಳಗೆ ಆರರಿಂದ ಎಂಟು ಮಕ್ಕಳ ಒಂದೊಂದು ಗುಂಪಿಗೆ ಪಟ್ರೋಲ್ ಎಂದು ಹೆಸರು. (ಹಳ್ಳಿಯಿಂದ ಬರುತ್ತಿದ್ದ ಮಕ್ಕಳ ಅಜ್ಜಂದಿರು “ಏನಪ್ಪಾ, ನಿಮ್ಮ ಮೇಷ್ಟ್ರು ಪೆಟ್ರೋಲ್ ಲೀಡರ್ ಮಾಡ್ಯಾರಂತೆ, ಬಂಕು ಎಲ್ಲಿ?” ಎಂದು ಕೇಳಿ ನಗುತ್ತಿದ್ದರು.) ಎಲ್ಲಿಗೆ ಹೋಗುವುದು, ಏನು ಹೊರುವುದು, ಯಾರು ಅಡುಗೆ ಮಾಡುವುದು ಎಂಬುದನ್ನು ಪಟ್ರೋಲಿನ ನಾಯಕರು ಕುಳಿತು ಗೊತ್ತುಮಾಡಬೇಕು. ಹನ್ನೆರಡು ಹದಿಮೂರು ವರ್ಷದ ಮಕ್ಕಳು ಒಂದು ಸೇರು ಅಕ್ಕಿ ಎಷ್ಟು ಜನಕ್ಕೆ ಸಾಕೆಂದು ವಾದಿಸುವುದನ್ನು ಕೇಳಬೇಕು. ಮನೆಯಲ್ಲಿ ಅಮ್ಮ ಪ್ರತಿದಿನ ಮಾಡುವ ಲೆಕ್ಕ ಅದು. ಅಂದು ಮೊದಲ ಸಲ ಅವರಿಗೆ ಲೆಕ್ಕವಾಗಿ ಕಾಣುತ್ತದೆ.

ಹೊತ್ತಿನ ಲೆಕ್ಕಕ್ಕೆ ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಹೇಳಿದ ಒಂದು ಸೂತ್ರವುಂಟು. ಸಮನೆಲದಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್. ಏರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಇದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ, ಇದರಲ್ಲಿ ವಿಶ್ರಾಂತಿ ಸೇರಿಲ್ಲ. ಮಕ್ಕಳೊಡನೆ ಹೊರಡುವಾಗ ನಾನು ಅದಕ್ಕೆ ಅರ್ಧದಷ್ಟನ್ನು ಕೂಡಿಸುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಹೊರಟರೆ ಬಿಸಿಲೇರುವುದರೊಳಗೆ ಮೇಲೆ, ಮೂರಕ್ಕೆ ಕೆಳಗೆ. ದಾರಿಯಲ್ಲಿ ಕೋಲೊಂದನ್ನು ನೆಟ್ಟು ಅದರ ನೆರಳಿನ ತುದಿಗೆ ಕಲ್ಲಿಟ್ಟು, ಕಾಲುಗಂಟೆ ಬಿಟ್ಟು ಮತ್ತೆ ನೆರಳಿನ ತುದಿಗೆ ಇನ್ನೊಂದು ಕಲ್ಲಿಟ್ಟರೆ, ಮೊದಲ ಕಲ್ಲಿನಿಂದ ಎರಡನೆಯದರತ್ತ ಎಳೆದ ಗೆರೆ ಸರಿಸುಮಾರು ಪೂರ್ವವನ್ನು ತೋರಿಸುತ್ತದೆ. ಇದನ್ನು ಮಾಡಿ ತೋರಿಸಿದಾಗ ಮಕ್ಕಳು ಬೆರಗಾಗುವಷ್ಟು ಬೇರೆ ಯಾವ ಪಾಠಕ್ಕೂ ಬೆರಗಾದುದನ್ನು ನಾನು ಕಾಣೆ. ನಾನು ಕಲಿಸುತ್ತಿದ್ದುದು ಸಮಾಜ ವಿಜ್ಞಾನ. ದಿಕ್ಕುಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ!

ಊಟದ ಹೊತ್ತು ಬೇರೆಯೇ. ಬುತ್ತಿ ಬಿಚ್ಚಿದರೆ ಒಬ್ಬನದು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಇನ್ನೊಬ್ಬನದು ಚಿತ್ರಾನ್ನ, ಮತ್ತೊಬ್ಬನ ಡಬ್ಬಿಯಲ್ಲಿ ಪೇಟೆಯ ಕೇಕು, ಒಬ್ಬನ ಕೈಯಲ್ಲಿ ಕಾಗದದ ಪೊಟ್ಟಣದ ಮಂಡಕ್ಕಿ ಮಾತ್ರ. ಅವನು ಬಂಡೆಯ ಹಿಂದೆ ಹೋಗಿ ಕೂರುತ್ತಿದ್ದ. ನಮ್ಮ ದಳದಲ್ಲಿ ಕ್ರಮೇಣ ಒಂದು ಪದ್ಧತಿ ಬೆಳೆಯಿತು. ಎಲ್ಲರ ಬುತ್ತಿಯನ್ನೂ ಒಂದೇ ಪಂಚೆಯ ಮೇಲೆ ಸುರಿದು ಮತ್ತೆ ಹಂಚುವುದು. ಇದನ್ನು ನಾನು ಹೇಳಿಕೊಡಲಿಲ್ಲ. ಪಟ್ರೋಲ್ ನಾಯಕನೊಬ್ಬ ಆರಂಭಿಸಿದ. ಎಲ್ಲಿ ಕಲಿತೆಯೆಂದು ಕೇಳಿದರೆ, “ಮಠದಾಗೆ ಹಿಂಗೇ ಅಲ್ವಾ ಸಾರ್, ಯಾರ ಅಕ್ಕಿ ಯಾರ ಎಲೆಗೆ ಬೀಳ್ತದೋ ಯಾರಿಗ್ಗೊತ್ತು” ಎಂದ. ದಾಸೋಹವನ್ನು ಕುರಿತು ನಾನು ಕೇಳಿದ ವ್ಯಾಖ್ಯಾನಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ಸರಿಯಾದುದೂ ಮತ್ತೊಂದಿಲ್ಲ.

ಆ ತಾಯಿಯ ಭಯಕ್ಕೆ ಕಾರಣವಿಲ್ಲವೆಂದು ಮಾತ್ರ ನಾನು ಹೇಳಲಾರೆ. ಭಯಕ್ಕೆ ಕಾರಣವಾಗುವಂಥ ತಪ್ಪನ್ನು ನಾನೇ ಮಾಡಿದ್ದೇನೆ. 1996ರ ಡಿಸೆಂಬರಿನಲ್ಲಿ ಇಪ್ಪತ್ತೆಂಟು ಹುಡುಗರೊಡನೆ ನಮ್ಮ ಊರಿಗೆ ಹತ್ತಿರದ ಗುಡ್ಡವೊಂದಕ್ಕೆ ಹೋಗಿದ್ದೆ. ಇಳಿಯುವಾಗ ಚುರುಕಾದ ಹುಡುಗರು ಮುಂದೆ ಓಡಿದರು. ನಾನೂ ಅವರ ಉತ್ಸಾಹಕ್ಕೆ ಸಿಕ್ಕಿ ಅವರೊಡನೆಯೇ ಇಳಿದೆ. ಕೊನೆಯಲ್ಲಿ ಒಬ್ಬ ಹಿರಿಯ ಹುಡುಗನನ್ನು ಇರಿಸಬೇಕೆಂಬುದು ಮೊದಲ ಪಾಠ. ಅಂದು ಅದನ್ನು ಮರೆತೆ. ತಳದಲ್ಲಿ ನಿಂತು ಎಣಿಸಿದರೆ ಇಪ್ಪತ್ತೇಳು. ಮತ್ತೆ ಎಣಿಸಿದೆ. ಮತ್ತೆ ಇಪ್ಪತ್ತೇಳು. ಆ ಹೊತ್ತಿನ ನನ್ನ ಎದೆಯ ಸ್ಥಿತಿಯನ್ನು ವರ್ಣಿಸಲು ಹೋಗುವುದಿಲ್ಲ.

ಕಾಣೆಯಾದವನು ದಳದಲ್ಲಿಯೇ ಅತ್ಯಂತ ನಿಧಾನದ ಹುಡುಗ. ಓದಿನಲ್ಲಿಯೂ ಹಿಂದೆ, ಆಟದಲ್ಲಿಯೂ ಹಿಂದೆ. ಉಳಿದವರನ್ನು ಕೆಳಗೆ ಸಹಾಯಕ ಶಿಕ್ಷಕರ ವಶಕ್ಕೆ ಬಿಟ್ಟು, ಇಬ್ಬರು ದೊಡ್ಡ ಹುಡುಗರೊಡನೆ ಮೇಲೆ ಹತ್ತಿದೆ. ಮುಕ್ಕಾಲು ಗಂಟೆ ಕಳೆದ ಮೇಲೆ ದೂರದಿಂದ ಸೀಟಿಯ ಸದ್ದು ಕೇಳಿಸಿತು. ಮೂರು ಸಲ ಊದಿ ನಿಲ್ಲಿಸಿ, ಮತ್ತೆ ಮೂರು ಸಲ. ಹೋಗಿ ನೋಡಿದರೆ, ಬೆಳಿಗ್ಗೆ ಏರುವಾಗ ನಾವು ಕಲ್ಲುಗಳಿಂದ ಮಾಡಿದ್ದ ಬಾಣದ ಗುರುತಿನ ಪಕ್ಕದಲ್ಲಿ ಅವನು ಕುಳಿತಿದ್ದ. “ದಾರಿ ತಪ್ಪಿದ್ರೆ ಕೊನೇ ಗುರುತಿನ ಹತ್ರ ಬಂದು ಕೂರ್ಬೇಕು, ಅಲ್ಲಿಂದ ಅಲ್ಲಾಡ್ಬಾರ್ದು ಅಂತ ನೀವೇ ಹೇಳಿದ್ರಲ್ಲ ಸಾರ್” ಎಂದ. ಕಣ್ಣಲ್ಲಿ ನೀರಿತ್ತು, ಆದರೆ ಜಾಗ ಬಿಟ್ಟು ಕದಲಿರಲಿಲ್ಲ. ಚುರುಕಿನ ಹುಡುಗನಾಗಿದ್ದರೆ ಪ್ರಾಯಶಃ ಅಡ್ಡದಾರಿ ಹುಡುಕಿಕೊಂಡು ಕತ್ತಲಾಗುವವರೆಗೆ ಅಲೆಯುತ್ತಿದ್ದ.

ಆ ದಿನ ನಿಯಮ ಪಾಲಿಸಿದವನು ಅವನೊಬ್ಬನೇ. ನಿಯಮ ಮುರಿದವರ ಸಾಲಿನಲ್ಲಿ ಮೊದಲಿಗ ನಾನು. ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲ ಮಕ್ಕಳ ಮುಂದೆ ಹೀಗೆಂದೇ ಹೇಳಿದೆ. ಹುಡುಗನ ತಂದೆ, ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಶಾಲೆಯ ಆಡಳಿತದವರು ಮಾತ್ರ ಅಂದಿನಿಂದ ಚಾರಣವನ್ನು ನಿಲ್ಲಿಸಿದರು. ದಳ ಉಳಿಯಿತು, ಸಮವಸ್ತ್ರ ಉಳಿಯಿತು, ಪ್ರಮಾಣಪತ್ರಗಳು ಬರುತ್ತಲೇ ಇದ್ದವು. ಮೂರು ವರ್ಷ ನಾವು ಮೈದಾನದಲ್ಲಿ ಗಂಟು ಕಟ್ಟುತ್ತ, ಬಿಚ್ಚುತ್ತ ಕಾಲ ಕಳೆದೆವು. ಆ ಮೂರು ವರ್ಷ ದಳದಿಂದ ಹೊರಬಿದ್ದ ಹುಡುಗರಿಗೂ ಅದಕ್ಕೆ ಮುಂಚಿನವರಿಗೂ ಇದ್ದ ವ್ಯತ್ಯಾಸ ನನಗೆ ಗೊತ್ತು. ಅಂಕಿಅಂಶ ಕೇಳಿದರೆ ನನ್ನಲ್ಲಿಲ್ಲ. ಇಂದಿಗೂ ಬೀದಿಯಲ್ಲಿ ಕಂಡರೆ ನಿಂತು ಮಾತಾಡಿಸುವವರು ಗುಡ್ಡ ಹತ್ತಿದವರು. ಉಳಿದವರ ಹೆಸರುಗಳು ನನಗೇ ಮರೆತಿವೆ.

ಆ ನಿರ್ಧಾರ ತಪ್ಪೆಂದು ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ. ತಪ್ಪು ನಡೆದದ್ದು ಚಾರಣದಿಂದಲ್ಲ, ಚಾರಣದ ಕ್ರಮವನ್ನು ಬಿಟ್ಟದ್ದರಿಂದ. ಆದುದರಿಂದ ಮಕ್ಕಳನ್ನು ಕಳಿಸುವ ತಂದೆತಾಯಿಯರು “ಹೋಗಬೇಡ” ಎನ್ನುವುದಕ್ಕೆ ಮುಂಚೆ ಕೆಲವು ಪ್ರಶ್ನೆಗಳನ್ನು ಸ್ಕೌಟ್ ಮಾಸ್ಟರನಿಗೆ ಕೇಳಲಿ. ಕೊನೆಯಲ್ಲಿ ನಡೆಯುವವರು ಯಾರು? ಎಷ್ಟು ಮಕ್ಕಳಿಗೆ ಎಷ್ಟು ದೊಡ್ಡವರು? ಆ ಗುಡ್ಡವನ್ನು ಮೇಷ್ಟ್ರು ಮುಂಚಿತವಾಗಿ ಹತ್ತಿ ನೋಡಿದ್ದಾರೆಯೇ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಬಂಡೆಗಳಲ್ಲಿ ಹೆಜ್ಜೇನು ಇದೆಯೇ? ಹೆಜ್ಜೇನಿನ ವಿಷಯವನ್ನು ಯಾರೂ ಹಗುರವಾಗಿ ಕಾಣಬಾರದು. ನಮ್ಮ ಬಯಲುಸೀಮೆಯ ಕೋಟೆ, ಗುಡ್ಡಗಳಲ್ಲಿ ಚಿರತೆಗಿಂತ ಅದರ ಭಯವೇ ಹೆಚ್ಚು. ಬಂಡೆಯ ಕೆಳಗೆ ಹೊಗೆ ಹಾಕುವುದು, ಕಲ್ಲೆಸೆಯುವುದು, ಸುಗಂಧ ಪೂಸಿಕೊಂಡು ಹೋಗುವುದು ಇವೆಲ್ಲ ಕೂಡದು. ಈ ಪ್ರಶ್ನೆಗಳಿಗೆ ನೇರ ಉತ್ತರ ಸಿಗದಿದ್ದರೆ ಮಗುವನ್ನು ಕಳಿಸಬೇಡಿ. ಸಿಕ್ಕಿದರೆ ತಡೆಯಬೇಡಿ.

ಇಲ್ಲಿ ನನ್ನ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಾವು ಕಚ್ಚಿದರೆ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಬೇಕು, ಗಾಯವನ್ನು ಬ್ಲೇಡಿನಿಂದ ಕೊಯ್ದು ರಕ್ತ ಹರಿಸಬೇಕು ಎಂದು ಎಷ್ಟೋ ವರ್ಷ ಕಲಿಸಿದೆ. ನಾನು ಕಲಿತದ್ದೂ ಹಾಗೆಯೇ. ಅದು ತಪ್ಪು. ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಕಚ್ಚಿಸಿಕೊಂಡವನಿಗೆ ಧೈರ್ಯ ಹೇಳಿ, ಆ ಕೈಯನ್ನೋ ಕಾಲನ್ನೋ ಮೂಳೆ ಮುರಿದಾಗ ಮಾಡುವಂತೆ ಪಟ್ಟಿ ಇಟ್ಟು ಅಲುಗಾಡದಂತೆ ಮಾಡಿ, ನಡೆಸದೆ ಹೊತ್ತುಕೊಂಡು, ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಆದಷ್ಟು ಬೇಗ ಮುಟ್ಟಿಸಬೇಕು. ನನ್ನ ಹಳೆಯ ಶಿಷ್ಯರು ಯಾರಾದರೂ ಇದನ್ನು ಓದುತ್ತಿದ್ದರೆ, ಅಂದು ಕಲಿಸಿದ್ದನ್ನು ದಯವಿಟ್ಟು ಮರೆತು ಇದನ್ನು ನೆನಪಿಟ್ಟುಕೊಳ್ಳಿರಿ.

ಗುಡ್ಡ ಹತ್ತುವವರಿಗೇನು ಈಗ ಕೊರತೆಯೇ ಎಂದು ಕೇಳುವವರುಂಟು. ಕೊರತೆಯಿಲ್ಲ, ಅದೇ ಚಿಂತೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದಿದ್ದ ಚಿತ್ರಗಳನ್ನು ಎಲ್ಲರೂ ನೋಡಿದೆವು. ಅದರ ಬೆನ್ನಿಗೇ ಅರಣ್ಯ ಇಲಾಖೆ ಕೆಲಕಾಲ ಚಾರಣಗಳನ್ನು ತಡೆದು, ಮುಂಗಡ ನೋಂದಣಿಯ ಕ್ರಮವನ್ನು ಬಿಗಿಮಾಡಬೇಕಾಯಿತು. ಹತ್ತುವ ಉತ್ಸಾಹ ಎಲ್ಲರಿಗೂ ಇದೆ. ತಾನು ತಿಂದ ಪೊಟ್ಟಣವನ್ನು ತಾನೇ ಹೊತ್ತು ಇಳಿಯುವ ಅಭ್ಯಾಸ ಎಷ್ಟು ಜನಕ್ಕಿದೆ? ನಮ್ಮ ದಳದಲ್ಲಿ ಪ್ರತಿ ಪಟ್ರೋಲಿಗೆ ಒಂದೊಂದು ಖಾಲಿ ಗೊಬ್ಬರದ ಚೀಲ ಕೊಡುತ್ತಿದ್ದೆವು. ನಮ್ಮ ಕಸವಷ್ಟೇ ಅಲ್ಲ, ದಾರಿಯಲ್ಲಿ ಕಂಡದ್ದೂ ಅದರಲ್ಲಿ ತುಂಬಬೇಕು. ಮೊದಮೊದಲು “ಬೇರೆಯವರು ಬಿಸಾಕಿದ್ದನ್ನ ನಾವ್ಯಾಕೆ ಸಾರ್ ಹೊರಬೇಕು?” ಎನ್ನುತ್ತಿದ್ದರು. ನ್ಯಾಯವಾದ ಪ್ರಶ್ನೆ. ನಾನು ಉತ್ತರ ಹೇಳದೆ ನನ್ನ ಹೆಗಲಿಗೂ ಒಂದು ಚೀಲ ಹಾಕಿಕೊಳ್ಳುತ್ತಿದ್ದೆ. ಒಂದೆರಡು ಚಾರಣಗಳಾದ ಮೇಲೆ ಯಾವ ಚೀಲ ಹೆಚ್ಚು ಭಾರವೆಂಬ ಪಂದ್ಯವೇ ನಡೆಯುತ್ತಿತ್ತು. ಈ ಮಕ್ಕಳು ಮುಂದೆ ಸಂಬಳ ಎಣಿಸುವ ವಯಸ್ಸಿಗೆ ಬಂದು ಗುಡ್ಡಕ್ಕೆ ಹೋದರೆ ಅಲ್ಲಿ ಪ್ಲಾಸ್ಟಿಕ್ ಎಸೆಯುವುದಿಲ್ಲವೆಂದು ನಾನು ಪಣ ಕಟ್ಟಬಲ್ಲೆ. ಕಾಯಕವೆಂಬ ಮಾತನ್ನು ನಾವು ವೇದಿಕೆಗಳ ಮೇಲೆ ಎಷ್ಟು ಸವೆಸಿದ್ದೇವೆಂದರೆ, ಬೆನ್ನಿಗೆ ಚೀಲ ಬಿದ್ದಾಗಲೇ ಅದರ ತೂಕ ಮತ್ತೆ ತಿಳಿಯುವುದು.

ದಿನಕ್ಕೊಂದು ಸತ್ಕಾರ್ಯ ಮಾಡಬೇಕೆಂಬುದು ಸ್ಕೌಟರ ಇನ್ನೊಂದು ಪದ್ಧತಿ. ಅದನ್ನು ಮರೆಯದಿರಲೆಂದು ಕೊರಳ ಸ್ಕಾರ್ಫಿಗೆ ಗಂಟು ಹಾಕಿಕೊಂಡು, ಕೆಲಸ ಮಾಡಿದ ಮೇಲೆ ಬಿಚ್ಚಬೇಕೆಂದು ಬೇಡನ್ ಪೊವೆಲ್ ಸೂಚಿಸಿದ್ದರು. ನಮ್ಮಲ್ಲಿ ಕೆಲವರು ಇದನ್ನು ಡೈರಿಯಲ್ಲಿ ಬರೆಸಿ ಮೇಷ್ಟ್ರ ಸಹಿ ಹಾಕಿಸುವ ಪದ್ಧತಿ ಮಾಡಿದರು. ನನಗೆ ಅದು ಸರಿಬರಲಿಲ್ಲ. ಸಹಿಗಾಗಿ ಅಜ್ಜಿಯನ್ನು ರಸ್ತೆ ದಾಟಿಸುವ ಹುಡುಗ ಸಹಿ ಸಿಗದ ದಿನ ದಾಟಿಸುವನೇ? ಮಾಡಿದ ಒಳಿತನ್ನು ಮಾಡಿದವನೇ ಹೇಳಿಕೊಳ್ಳಬಾರದೆಂದು ಶರಣರು ಎಷ್ಟು ಬಗೆಯಲ್ಲಿ ಎಚ್ಚರಿಸಿದ್ದಾರೆ! ಗಂಟು ಮಾತ್ರ ಚೆನ್ನ. ಅದು ತನಗೊಬ್ಬನಿಗೇ ಗೊತ್ತು.

ಖರ್ಚಿನ ಮಾತೂ ಬರುತ್ತದೆ. ಸಮವಸ್ತ್ರ, ಟೋಪಿ, ಬೆಲ್ಟು, ಬ್ಯಾಡ್ಜು ಎಂದು ಬಡವರ ಮಕ್ಕಳಿಗೆ ಹೊರೆಯಾಗುವುದು ನಿಜ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಒಂದು ವಾರ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯ ವೈಭವವನ್ನು ಕಂಡವರು, ಸ್ಕೌಟ್ ಎಂದರೆ ಇಷ್ಟೆಲ್ಲ ಬೇಕೇನೋ ಎಂದುಕೊಂಡಿರಬಹುದು. ದೊಡ್ಡ ಸಮಾವೇಶಗಳಿಂದ ಮಕ್ಕಳಿಗೆ ದೇಶ ದೊಡ್ಡದಾಗಿ ಕಾಣುತ್ತದೆ, ಅವು ನಡೆಯಲಿ. ಆದರೆ ಚಾರಣಕ್ಕೆ ಬೇಕಾದದ್ದು ಗಟ್ಟಿ ಚಪ್ಪಲಿಯೋ ಬೂಟೋ, ನೀರು, ಬುತ್ತಿ, ಟೋಪಿ, ಒಂದು ಸೀಟಿ, ಹಗ್ಗ. ಸಮವಸ್ತ್ರವಿಲ್ಲದ ಹುಡುಗನನ್ನು ಚಾರಣದಿಂದ ಹೊರಗಿಡುವ ಸ್ಕೌಟ್ ಮಾಸ್ಟರ್ ಬ್ರೌನ್‌ಸೀ ದ್ವೀಪದ ಮೊದಲ ಪಾಠವನ್ನೇ ಓದಿಲ್ಲ.

ಬೇಡನ್ ಪೊವೆಲ್ 1941ರ ಜನವರಿ 8ರಂದು ಕೀನ್ಯಾದ ನ್ಯೇರಿಯಲ್ಲಿ ತೀರಿಕೊಂಡರು. ಅವರ ಸಮಾಧಿಗಲ್ಲಿನ ಮೇಲೆ ಒಂದು ವೃತ್ತ, ಅದರ ನಡುವೆ ಒಂದು ಚುಕ್ಕೆ ಇದೆ. ದಾರಿಗುರುತುಗಳಲ್ಲಿ ಅದರ ಅರ್ಥ: ನಾನು ಮನೆಗೆ ಹೊರಟಿದ್ದೇನೆ. ಚಾರಣ ಮುಗಿದಾಗ ತಳದ ಮಣ್ಣಿನಲ್ಲಿ ಆ ಗುರುತನ್ನು ಬರೆಯುವ ಹಕ್ಕು ಎಲ್ಲರಿಗಿಂತ ಕೊನೆಯಲ್ಲಿ ಇಳಿದವನದು. 1999ರಲ್ಲಿ ಮತ್ತೆ ಚಾರಣ ಆರಂಭವಾದಾಗ ನಾನು ಮಾಡಿದ ಪದ್ಧತಿಯಿದು. ಆ ನಂತರ ಕೊನೆಯಲ್ಲಿ ನಡೆಯಲು ಹುಡುಗರೊಳಗೆ ಪೈಪೋಟಿಯಾಗಿ ನನ್ನ ಕೆಲಸ ಹಗುರವಾಯಿತು.

ಅಮ್ಮಾ, ನಿಮ್ಮ ಮಗನ ಶಾಲೆಯ ದಳಕ್ಕೆ ಈಗ ಇರುವ ಸ್ಕೌಟ್ ಮಾಸ್ಟರ್ ನನ್ನ ದಳದಲ್ಲಿಯೇ ಇದ್ದವರು. ನೀವು ಕೇಳಿದ ಮೇಲೆ ಅವರೊಡನೆ ಮಾತಾಡಿದೆ. ಬರುವ ಕಾರ್ತಿಕದಲ್ಲಿ ಒಂದು ದಿನದ ಚಾರಣವಿದೆ, ಎಂಟು ಕಿಲೋಮೀಟರು. ಅವರು ಆ ಗುಡ್ಡವನ್ನು ಈಗಾಗಲೇ ಎರಡು ಸಲ ಹತ್ತಿ ನೋಡಿದ್ದಾರೆ. ನಿಮ್ಮ ಪ್ರಶ್ನೆಗಳನ್ನು ಅವರಿಗೆ ಕೇಳಿರಿ, ಬೇಸರಪಡುವುದಿಲ್ಲ. ಮಗನಿಗೆ ರೊಟ್ಟಿಯನ್ನು ಎರಡು ಹೆಚ್ಚೇ ಕಟ್ಟಿಕೊಡಿರಿ. ಮಂಡಿನೋವು ಬಿಟ್ಟರೆ ಕೊನೆಯಲ್ಲಿ ನಡೆಯಲು ನಾನೂ ಬರುತ್ತೇನೆ.